ಜಗಲಿಯಿಂದ ಎದ್ದು ಬಂದವಳು

ಈ ಬೇಸಿಗೆಯಲ್ಲೂ ಕಾಮಕಸ್ತೂರಿ ಬೀಜ ನೆನೆಹಾಕಿದ್ದೇನೆ. ನಮ್ಮ ರಾಯಚೂರಿನಲ್ಲಿ ಮೈಗೆ ಏನೇ ಬಂದರೂ ಮೊದಲು ಸಿಕ್ಕಿಬೀಳುವುದು ಉಷ್ಣ. ಕಣ್ಣು ಕೆಂಪಾದರೂ ಉಷ್ಣ, ಮಗ ಗಣಿತದಲ್ಲಿ ನಪಾಸಾದರೂ ಉಷ್ಣ. ನೀರಲ್ಲಿ ಉಬ್ಬುವ ಈ ಬೀಜ ಕಂಡರೆ ದೇವದುರ್ಗದ ದೊಡ್ಡವ್ವ, ನನ್ನ ಅವ್ವನ ಅಕ್ಕ, ನೆನಪಾಗುತ್ತಾಳೆ.

ಎಪ್ಪತ್ತರ ದಶಕದ ಕೊನೆ. ದೊಡ್ಡವ್ವನದು ಕುರಿ ಸಾಕುವ ಮನೆ. ಮುಟ್ಟಾದವರು ಮೂರು ದಿನ ಹೊರಗಿನ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಕೂಡಬೇಕು. ಮುಟ್ಟು ನಿಂತು ಆರು ವರ್ಷವಾಗಿದ್ದ ದೊಡ್ಡವ್ವ ಒಂದು ದಿನ ಕಂಬಳಿ ಹಿಡಿದು ಅಲ್ಲಿ ಬಂದು ಕುಳಿತಳು. ಅತ್ತೆಗೆ ಮತ್ತೆ ಹರೆಯ ಬಂತೆಂದು ಸೊಸೆಯರು ನಕ್ಕರು, ಅವಳೂ ನಕ್ಕಳು. ರಜೆಗೆ ಹೋಗಿದ್ದ ನಾನು, ಕಾಲೇಜು ಓದುವ ಜಾಣೆ, ಉಷ್ಣವೆಂದು ತೀರ್ಪು ಕೊಟ್ಟು ದಿನಾ ಬೀಜದ ನೀರು ಕುಡಿಸಿದೆ. ಎರಡು ತಿಂಗಳಾದರೂ ರಕ್ತ ಬಂದು ಬಂದು ಹೋಗುತ್ತಲೇ ಇತ್ತು.

ಒಂದು ಮುಂಜಾನೆ ಮುದಿ ಕುರಿಯೊಂದಕ್ಕೆ ರಕ್ತ ಹೋಗುವುದನ್ನು ಕಂಡು ದೊಡ್ಡಪ್ಪ ಹೌಹಾರಿದ. ಅದನ್ನು ಹೆಗಲಿಗೇರಿಸಿಕೊಂಡು ದನದ ದವಾಖಾನೆಗೆ ಹೊರಟ. ದೊಡ್ಡವ್ವ ಜಗಲಿಯಿಂದ ಎದ್ದು ನಿಂತಳು.

"ಕುರಿಗಾದ್ರ ದವಾಖಾನಿ, ನನಗಾದ್ರ ಬೀಜದ ನೀರು. ನನ್ನೂ ಕರಕೊಂಡು ನಡೀರಿ."

ಮರುದಿನವೇ ದೊಡ್ಡವ್ವ, ದೊಡ್ಡಪ್ಪ, ನಾನು ಮೂವರೂ ರಾಯಚೂರಿನ ಬಸ್ಸು ಹತ್ತಿದೆವು. ಅಲ್ಲಿನ ಲೇಡಿ ಡಾಕ್ಟರು ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಬಿಟ್ಟು ಮತ್ತೆ ಹೋದಾಗ ಕ್ಯಾನ್ಸರ್ ಎಂದು ಬಂದಿತ್ತು. ಇನ್ನೂ ಹರಡಿದಂತಿಲ್ಲ, ಬೇಗ ಗರ್ಭಕೋಶ ತೆಗೆದರೆ ಉಳಿಯುವ ಭರವಸೆ ಚೆನ್ನಾಗಿದೆ ಎಂದರು. ನಾನು ಗೋಡೆ ನೋಡುತ್ತ ನಿಂತೆ. ಎರಡು ತಿಂಗಳು ತಡಮಾಡಿಸಿದವಳು ನಾನೇ ಅಲ್ಲವೇ, ನೀವೇ ಹೇಳಿ.

"ತಗೀರಿ ಡಾಕ್ಟ್ರವ್ವಾ," ಅಂದಳು ದೊಡ್ಡವ್ವ. "ಹಡೆಯೋದು ಮುಗದದ, ಬದುಕೋದು ಇನ್ನೂ ಅದ."

ಆಪರೇಷನ್ ಆದ ಮೇಲೆ ಒಂದು ತಪಾಸಣೆಯನ್ನೂ ಆಕೆ ತಪ್ಪಿಸಲಿಲ್ಲ. ಮಾನ್ವಿಯ ಸಂತೆಗೆ ಕಂಬಳಿ ಮಾರಲು ಹೋದರೆ ತನ್ನ ವಯಸ್ಸಿನ ಹೆಂಗಸರನ್ನು ನಿಲ್ಲಿಸಿ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿದೆಯೇ ಎಂದು ಗಟ್ಟಿಯಾಗಿ ಕೇಳುತ್ತಿದ್ದಳು. ಕಂಡಿದ್ದರೆ ದವಾಖಾನೆಗೆ ಓಡಿಸುತ್ತಿದ್ದಳು. ಪಕ್ಕದಲ್ಲಿದ್ದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಮತ್ತೆ ಇಪ್ಪತ್ತು ವರ್ಷ ಬದುಕಿ ಮುಪ್ಪಿನಿಂದ ಹೋದಳು. ಅಷ್ಟು ಧೈರ್ಯದ ಇನ್ನೊಬ್ಬ ಹೆಣ್ಣುಮಗಳನ್ನು ನಾನು ಕಂಡಿಲ್ಲ.

ಮೊನ್ನೆ ಪೋತ್ನಾಳದ ನಮ್ಮ ಬೀಗತಿ ಊಟಕ್ಕೆ ಬಂದಿದ್ದರು. ಮುಖ ಬಿಳಿಚಿಕೊಂಡಿತ್ತು. ರೊಟ್ಟಿ ಬಡಿಸುತ್ತ, ನಾಚಿಕೆ ನುಂಗಿಕೊಂಡು, ದೊಡ್ಡವ್ವನ ಆ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಅವರು ತುತ್ತು ಕೆಳಗಿಟ್ಟರು.

"ಮೂರು ತಿಂಗಳಾತ್ರಿ. ಯಾರೂ ಕೇಳಿದ್ದಿಲ್ಲ."

ಅವರು ಕೈ ತೊಳೆಯುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ನಿಂತಿದ್ದೆ.