ಹತ್ತರಿಂದ ಹನ್ನೊಂದರ ವಿಮರ್ಶೆ

ನಾನು ವಿಡಿಯೊ ಗೇಮ್‌ಗಳ ವಿಮರ್ಶೆ ಬರೆಯುತ್ತೇನೆ ಎಂದು ಹೇಳಿಕೊಳ್ಳಲು ಈಗಲೂ ಸಂಕೋಚ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿ ಫಳ್ನೀರಿನ ಆಸ್ಪತ್ರೆಯಿಂದ ಜೆಪ್ಪುವಿನ ಮನೆಗೆ ಬಂದ ಮೇಲೆ ಎರಡು ತಿಂಗಳು ಮೆಟ್ಟಿಲಿಳಿಯುವಂತಿರಲಿಲ್ಲ. ಆಗ ಟ್ಯಾಬ್‌ನಲ್ಲಿ ಆಟ ಹಿಡಿದೆ. ಗುಂಡು ಹಾರಿಸುವ ಆಟಗಳು ಸೇರಲಿಲ್ಲ. ಗಿಡ ನೆಡುವುದು, ಪತ್ರ ಹಂಚುವುದು, ಅಂಗಡಿಯ ಕಪಾಟು ಜೋಡಿಸುವುದು, ಇಂಥವು ಸೇರಿದವು. ಅನಿಮೆ ಕಾರ್ಟೂನ್‌ಗಳಲ್ಲೂ ಅದೇ ರುಚಿ. ಜಗತ್ತನ್ನು ಉಳಿಸುವ ಹುಡುಗರನ್ನು ಬಿಟ್ಟು, ಬೇಕರಿ ನಡೆಸುವ ಇಬ್ಬರು ಅಕ್ಕತಂಗಿಯರ ಸರಣಿಯನ್ನು ಎರಡು ಸಲ ನೋಡಿದೆ. ಇಯರ್‌ಫೋನ್ ಹಾಕಿಕೊಂಡಿರುತ್ತಿದ್ದುದರಿಂದ, ಜೊತೆಗಿರುವ ತಂಗಿ ನಾನು ಪ್ರವಚನ ಕೇಳುತ್ತಿದ್ದೇನೆ ಎಂದುಕೊಂಡಿದ್ದಳು. ನಾನು ತಿದ್ದಲಿಲ್ಲ. ಒಂದು ದಿನ ಅವಳು ಹಿಂದಿನಿಂದ ಬಂದು ಇಣುಕಿದಳು.

"ಇದೆಂತ ಅಕ್ಕ, ಪ್ರವಚನ ಮಾಡುವವರು ಫ್ರಾಕ್ ಹಾಕಿದ್ದಾರೆ!"

ಆ ನಾಚಿಕೆ ಒಂದು ವಾರದಲ್ಲಿ ಹೋಯಿತು. ನಾನು ಹೇಳಹೊರಟಿರುವುದು ಹೋಗದೆ ಉಳಿದದ್ದರ ಬಗ್ಗೆ.

ವಿಮರ್ಶೆ ಬರೆಯಲು ತೊಡಗಿದಾಗ ಅದಕ್ಕೂ ವೇಳಾಪಟ್ಟಿ ಹಾಕಿಕೊಂಡೆ. ಐದೂವರೆಗೆ ಏಳುವುದು, ಎಂಟಕ್ಕೆ ತಿಂಡಿ, ಹತ್ತರಿಂದ ಹನ್ನೊಂದು ಆಟ. ಅಲಾರಂ ಹೊಡೆದರೆ ಎಲ್ಲಿದ್ದರೂ ನಿಲ್ಲಿಸಿ ಟಿಪ್ಪಣಿ ಮಾಡುವುದು. ಒಂದು ಆಟಕ್ಕೆ ಹತ್ತು ದಿನ, ಹನ್ನೊಂದನೆಯ ದಿನ ಲೇಖನ. ಕೊನೆಯಲ್ಲಿ ನೂರಕ್ಕೆ ಇಷ್ಟು ಎಂದು ಅಂಕ, ಮೌಲ್ಯಮಾಪನ ಕೇಂದ್ರದಲ್ಲಿ ಉತ್ತರಪತ್ರಿಕೆಗಳಿಗೆ ಕೊಡುತ್ತಿದ್ದ ಹಾಗೆಯೇ. ಒಂದು ಜಾಲಪತ್ರಿಕೆ ಪ್ರಕಟಿಸುತ್ತಾ ಬಂತು. ಓದುಗರಿಗೆ ನನ್ನ ಅಂಕಗಳ ಮೇಲೆ ಭಯಭಕ್ತಿ ಬೆಳೆಯಿತು. ಸುಳ್ಳೇಕೆ, ಅದು ನನಗೆ ಹಿತವಾಗಿತ್ತು. ನಗರದ ಕಾಲೇಜೊಂದರಲ್ಲಿ ಇಲ್ಲಿಯವರೇ ಮಾಡಿದ ಆಟಗಳ ಪ್ರದರ್ಶನವಿದೆ, ಶನಿವಾರ ಸಂಜೆ ತೀರ್ಪುಗಾರರಾಗಿ ಬನ್ನಿ ಎಂಬ ಕರೆಯೂ ಬಂತು.

ಆ ಪ್ರದರ್ಶನಕ್ಕೆ ಮೊದಲು ನಾನು ವಿಮರ್ಶಿಸಿದ ಆಟ, ಪಡೀಲಿನ ಹುಡುಗಿಯೊಬ್ಬಳು ಎರಡು ವರ್ಷ ಕೂತು ಮಾಡಿದ್ದು. ಹಗಲು ಅವಳಿಗೆ ಕ್ಲಿನಿಕ್ ಒಂದರಲ್ಲಿ ಕೆಲಸ. ಆಟದಲ್ಲಿ ನಾವು ಒಂದು ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು, ನೆರೆಯವರ ಪರಿಚಯ ಮಾಡಿಕೊಳ್ಳಬೇಕು. ಹಂಚಿನ ಮಾಡು, ಕೆಂಪು ಕಲ್ಲಿನ ಪಾಗಾರದ ಗೋಡೆ, ತಂತಿಯ ಮೇಲೆ ಬಟ್ಟೆ, ಚಿತ್ರಗಳೆಲ್ಲ ಚೆನ್ನಾಗಿದ್ದವು. ಆದರೆ ಯಾವ ಬಾಗಿಲು ತಟ್ಟಿದರೂ ಯಾರೂ ತೆರೆಯಲಿಲ್ಲ. ಹತ್ತು ದಿನವೂ ತಟ್ಟಿದೆ. ಹನ್ನೊಂದನೆಯ ದಿನ ಬರೆದೆ: "ಈ ಓಣಿಯಲ್ಲಿ ಜನರೇ ಇಲ್ಲ. ಮನೆಯ ಚಿತ್ರ ಬರೆಯಲು ಬಂದರೆ ಸಾಲದು, ಒಳಗಿರುವವರೂ ಗೊತ್ತಿರಬೇಕು. ಅರ್ಧ ಮಾಡಿದ ಕೆಲಸ. ನೂರಕ್ಕೆ ಮೂವತ್ತೊಂದು."

ಬುಧವಾರ ಆ ಹುಡುಗಿಯ ಫೋನ್ ಬಂತು.

"ಟೀಚರ್, ಜಗಳಕ್ಕೆ ಮಾಡಿದ್ದಲ್ಲ. ಒಂದು ಕೇಳ್ಲಿಕ್ಕಿತ್ತು. ನೀವು ಯಾವ ಹೊತ್ತಿಗೆ ಆಡಿದ್ದು?"

"ಬೆಳಿಗ್ಗೆ ಹತ್ತಕ್ಕೆ."

"ಹತ್ತು ದಿನವೂ?"

"ಹತ್ತು ದಿನವೂ." ನನ್ನ ಶಿಸ್ತನ್ನು ಮೆಚ್ಚುತ್ತಿದ್ದಾಳೆ ಎಂದೇ ತಿಳಿದಿದ್ದೆ.

"ಆಟಕ್ಕೆ ನಿಮ್ಮ ಟ್ಯಾಬಿನದ್ದೇ ಗಂಟೆ ಟೀಚರ್. ಹಗಲು ಓಣಿಯವರಿಗೆ ಕೆಲಸ ಉಂಟು. ಆರರ ಮೇಲೆ ಹೊರಗೆ ಬರ್ತಾರೆ. ಪ್ರದರ್ಶನದವರು ನಿಮ್ಮ ವಿಮರ್ಶೆ ಓದಿ, ಅರ್ಧ ಆದದ್ದು ಬೇಡ ಅಂತ ನನ್ನನ್ನು ತೆಗೆದಿದ್ದಾರೆ. ಅದೂ ಹೋಗಲಿ. ಅಮ್ಮ ಕೇಳ್ತಿದ್ದಾರೆ, ನನ್ನನ್ನು ಆಟದಲ್ಲಿ ಹಾಕಿದ್ದೇನೆ ಅಂದಿದ್ದಿಯಲ್ಲ ಮಗಾ, ಯಾರೂ ಇಲ್ಲ ಅಂತ ಟೀಚರ್ ಬರೆದಿದ್ದಾರಲ್ಲ ಅಂತ."

ಸಂಜೆ ಆರು ನನ್ನ ವಾಕಿಂಗ್ ಹೊತ್ತು. ಅವತ್ತು ಹೋಗಲಿಲ್ಲ. ಆಟ ತೆರೆದೆ. ಮೊದಲ ಪುಟದಲ್ಲೇ ಒಂದು ಸಾಲಿತ್ತು: ಈ ಊರಿನ ಗಂಟೆಯೂ ನಿಮ್ಮ ಗಂಟೆಯೂ ಒಂದೇ. ಸೂಚನೆ ಓದದೆ ಉತ್ತರ ಬರೆಯಬೇಡಿ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳಿದವಳು, ನಾನೇ ಆ ಸಾಲನ್ನು ಹತ್ತು ಸಲ ಬೆರಳಿನಿಂದ ಒತ್ತಿ ದಾಟಿದ್ದೆ.

ಓಣಿಯ ದೀಪಗಳು ಹತ್ತಿದವು. ಬಸ್ಸು ನಿಂತು ಜನ ಇಳಿದರು. ಅಂಗಡಿಯವನು ಹಲಗೆ ತೆಗೆದ. ಒಂದು ಜಗಲಿಯಲ್ಲಿ ಹೆಂಗಸೊಬ್ಬಳು ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನನ್ನನ್ನು ಕಂಡು ಅವಳ ಮಾತು ಪರದೆಯ ಮೇಲೆ ಮೂಡಿತು: "ದಿನಾ ಬಾಗಿಲು ಬಡಿದದ್ದು ನೀವೇಯಾ? ನಾನು ಒಳಗೆ ಎಲೆ ಕತ್ತರಿಸ್ತಿದ್ದೆ. ಬನ್ನಿ, ಕೂತ್ಕೊಳ್ಳಿ."

ನಾನು ಟ್ಯಾಬನ್ನು ಮಗುಚಿ ಇಟ್ಟೆ. ತಂಗಿಗೆ ಹೇಳದೆ ಇರಲಾಗಲಿಲ್ಲ.

"ನೀನು ಪೀರಿಯಡ್ ಪ್ರಕಾರ ಹೋದರೆ ಊರಿನವರೂ ಬೆಲ್ಲಿಗೆ ಎದ್ದು ನಿಲ್ಬೇಕಾ ಅಕ್ಕ?" ಎಂದು ಅವಳು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿ, "ಈಗ ಎಂತ ಮಾಡ್ತಿ?" ಎಂದಳು.

ತಿದ್ದುಪಡಿ ಬರೆಯಲು ಕೂತೆ. ಮೊದಲ ಸಲ ಬರೆದಾಗ "ಸೂಚನೆ ಇನ್ನಷ್ಟು ಎದ್ದು ಕಾಣಬೇಕಿತ್ತು" ಎಂಬ ವಾಕ್ಯ ತಾನಾಗಿ ಬಂದುಬಿಟ್ಟಿತು. ಅದನ್ನು ಅಳಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಕೊನೆಗೆ, ಆಟವನ್ನು ಒಂದೇ ಹೊತ್ತಿಗೆ ಆಡಿದ್ದು ನನ್ನ ತಪ್ಪು, ಸೂಚನೆ ಓದದ್ದು ನನ್ನ ತಪ್ಪು, ಕೊಟ್ಟ ಅಂಕ ಹಿಂದಕ್ಕೆ ಪಡೆದಿದ್ದೇನೆ ಎಂದಷ್ಟೇ ಬರೆದು ಕಳಿಸಿದೆ. ಗುರುವಾರ ಬೆಳಿಗ್ಗೆ ಅದು ಪ್ರಕಟವಾಯಿತು. ಪ್ರದರ್ಶನದ ಮೇಲ್ವಿಚಾರಕರಿಗೆ ಫೋನ್ ಮಾಡಿದೆ.

"ಅವಳ ಮೇಜು ಬೇರೆಯವರಿಗೆ ಕೊಟ್ಟಾಯ್ತಲ್ಲ ಟೀಚರ್. ಈಗ ಅವರನ್ನು ಎಬ್ಬಿಸುವುದು ಹೇಗೆ?"

"ಹಾಗಾದರೆ ನಾನೂ ಬರುವುದಿಲ್ಲ. ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ" ಎಂದೆ. ಹಾಗೆ ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಪಡೀಲಿಗೆ ಫೋನ್ ಮಾಡಿ ಹುಡುಗಿಗೂ ತಿಳಿಸಿದೆ, ಕ್ಷಮೆಯನ್ನೂ ಕೇಳಿದೆ. ಅಮ್ಮನಿಗೆ ಲೇಖನ ಓದಿ ಹೇಳಿದ್ದೇನೆ, ಅವರಿಗೆ ಸಮಾಧಾನ ಆಯ್ತು ಎಂದಳು. ಆಮೇಲೆ ಕೇಳಿದಳು.

"ಆದರೆ ನೀವು ಯಾಕೆ ಬಿಟ್ಟದ್ದು ಟೀಚರ್? ನೀವು ಅಲ್ಲಿದ್ರೆ ಉಳಿದ ತೀರ್ಪುಗಾರರಿಗೆ ನನ್ನ ಆಟ ಒಮ್ಮೆ ತೋರಿಸಬಹುದಿತ್ತು. ಅಲ್ಲಿ ನನ್ನ ಪರವಾಗಿ ಮಾತಾಡುವವರು ಈಗ ಯಾರೂ ಇಲ್ಲ."

ಅದು ನನಗೆ ಹೊಳೆದೇ ಇರಲಿಲ್ಲ. ನನ್ನ ಶಿಕ್ಷೆಯನ್ನೂ ನನಗೆ ಅನುಕೂಲವಾಗುವ ಹಾಗೆ ನಾನೇ ಆರಿಸಿಕೊಂಡಿದ್ದೆ. ಫೋನ್ ಇಟ್ಟು ಮೇಲ್ವಿಚಾರಕರಿಗೆ ಮತ್ತೆ ಕರೆ ಮಾಡಿದೆ. ನನ್ನ ಜಾಗಕ್ಕೆ ಬೇರೊಬ್ಬರು ಒಪ್ಪಿಯಾಗಿತ್ತು.