ಅತ್ತೆಯ ಮರೆವಿಗೆ ಸೂಜಿ

ಮದುವೆಯಾಗಿ ಮದ್ದೂರಿಗೆ ಬಂದಾಗ ನಾನು ತಾಯಿಯಿಲ್ಲದ ಹುಡುಗಿ. ಎಣ್ಣೆ ಹಚ್ಚಿ ತಲೆ ಬಾಚುವುದು, ಹಬ್ಬಕ್ಕೆ ಬಳೆ ತೊಡಿಸುವುದು, ಜ್ವರ ಬಂದರೆ ಪಕ್ಕದಲ್ಲೇ ಮಲಗುವುದು, ಎಲ್ಲ ನನ್ನ ಅತ್ತೆಯೇ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಒಂದೊಂದನ್ನೇ ಮರೆಯತೊಡಗಿದರು. ಮೊದಲು ಸಾರಿಗೆ ಉಪ್ಪು, ಆಮೇಲೆ ಬಚ್ಚಲಿನ ದಾರಿ, ಕೊನೆಗೆ ನನ್ನನ್ನು.

"ನೀನ್ ಯಾರ್ ಮಗ್ಳವ್ವಾ? ಒತ್ತಾಯ್ತು, ನಿಮ್ ಅಟ್ಟಿಗೆ ಓಗಲ್ವಾ?" ಎಂದು ಒಂದು ಸಂಜೆ ಕೇಳಿದರು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ನೆಂಟರು ಅರಳುಮರಳು ಅಂದರು. ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟರು. ಆದರೂ ಹೊತ್ತು ಇಳಿಯುತ್ತಲೇ ಅತ್ತೆಗೆ ತಳಮಳ. "ತವರ್ಗೆ ಓಗ್ಬೇಕು. ನಮ್ಮಪ್ಪ ಗಾಡಿ ಕಟ್ಕೊಂಡ್ ಬತ್ತಾನೆ" ಎಂದು ಬಾಗಿಲಿಗೂ ಒಲೆಗೂ ಓಡಾಡುವರು. ಅವರ ತವರು ಮಳವಳ್ಳಿ ಪಕ್ಕದ ಒಂದು ಹಳ್ಳಿ. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಕಲ್ಕತ್ತೆಯಲ್ಲಿ ಚೀನಾ ದೇಶದ ಸೂಜಿ ಚಿಕಿತ್ಸೆ ಕಲಿತುಬಂದ ಡಾಕ್ಟರೊಬ್ಬರು ಮಂಡ್ಯದಲ್ಲಿದ್ದಾರೆ ಎಂದು ನಮ್ಮವರು ಆಫೀಸಿನಲ್ಲಿ ಕೇಳಿಕೊಂಡು ಬಂದರು. ಅಕ್ಯುಪಂಕ್ಚರ್ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದೇ ಆಗ.

"ಹೋದ ನೆನಪನ್ನ ಈ ಸೂಜಿ ವಾಪಸ್ ತರುತ್ತೆ ಅಂತ ನಾನು ಹೇಳಲ್ಲಮ್ಮ," ಎಂದರು ಆ ಡಾಕ್ಟರು. "ಮಾತ್ರೆ ನಿಲ್ಲಿಸಬೇಡಿ. ಜೊತೆಗೆ ಇದೂ ಇರಲಿ. ನಿದ್ದೆ ಬಂದು ಮನಸ್ಸು ಸ್ವಲ್ಪ ತಣ್ಣಗಾದರೆ ಅಷ್ಟೇ ಲಾಭ."

ಅವರು ಬಿಡಿಸಿ ಹೇಳಿದರೂ ನನ್ನ ಆಸೆ ಕೇಳಲಿಲ್ಲ. ಇವತ್ತಲ್ಲ ನಾಳೆ ಅತ್ತೆ ನನ್ನ ಗುರುತು ಹಿಡಿಯುತ್ತಾರೆ ಎಂದುಕೊಂಡು ವಾರವಾರ ರೈಲು ಹತ್ತಿಸಿದೆ.

ಕೂದಲಿನಷ್ಟು ಸಣ್ಣ ಸೂಜಿಗಳು. ಮಣಿಕಟ್ಟಿಗೆ ಒಂದು ಇಳಿದಾಗ ಅತ್ತೆ, "ಮುಳ್ ನಾಟ್ಕೊಂಡದೆ, ಕೀಳವ್ವ" ಎಂದು ನನ್ನ ಕಡೆ ನೋಡಿದರು. ಇನ್ನೊಂದು ಕೈ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಸಡಿಲವಾಯಿತು, ಕಣ್ಣು ಮುಚ್ಚಿದವು. ಆ ಮುಖ ನನ್ನ ಹಳೆಯ ಅತ್ತೆಯದೇ. ಇನ್ನಷ್ಟು ಹೊತ್ತು ಎಚ್ಚರವಾಗದಿದ್ದರೆ ಸಾಕು ಅನ್ನಿಸಿತು.

ಬರಬರುತ್ತ ಅವರು ನಿದ್ದೆ ಮಾಡತೊಡಗಿದರು, ಎರಡು ತುತ್ತು ಹೆಚ್ಚು ಉಂಡರು. ಸೂಜಿಯಿಂದಲೋ, ರೈಲಿನ ಗಾಳಿಯಿಂದಲೋ, ಅಷ್ಟು ಹೊತ್ತು ಯಾರೋ ಕೈ ಹಿಡಿದು ಕೂತದ್ದರಿಂದಲೋ, ನನಗೆ ತಿಳಿಯದು. ನನ್ನ ಗುರುತು ಮಾತ್ರ ಹತ್ತಲಿಲ್ಲ.

ಒಂದು ದಿನ ಸೂಜಿ ತೆಗೆಸಿಕೊಂಡು ಹೊರಗೆ ಬಂದವರು ಮೆಲ್ಲಗೆ, "ತವರ್ಗೆ ಓಗಾನ್ವಾ?" ಎಂದರು. ನಾನು ಸ್ಟೇಷನ್ನಿಗೆ ಹೋಗದೆ ಮಳವಳ್ಳಿ ಬಸ್ಸು ಹತ್ತಿಸಿದೆ.

ತವರುಮನೆಯ ಜಗುಲಿಯ ಮೇಲಿದ್ದ ಅವರ ತಮ್ಮ, "ಅಕ್ಕಾ! ಈಗ್ಲಾದ್ರೂ ಬಂದಲ್ಲ!" ಎಂದು ಎದ್ದು ಬಂದು ಕೈ ಹಿಡಿದರು. ಅತ್ತೆ ಊಟ ಮಾಡಿ, ಮಜ್ಜಿಗೆ ಕುಡಿದು, ಕಂಬ ತೊಲೆಗಳನ್ನೆಲ್ಲ ನೋಡುತ್ತ ಕೂತರು. ಬಿಸಿಲು ಬಾಗುತ್ತಲೇ ನನ್ನ ತೋಳು ಜಗ್ಗಿ ಪಿಸುಗುಟ್ಟಿದರು:

"ಈ ಅಟ್ಟಿಯೋರು ಒಳ್ಳೇವ್ರು ಕಣವ್ವ. ಆದ್ರೆ ನಾನ್ ಇರಕ್ಕಾಗಲ್ಲ. ಮದ್ದೂರಲ್ಲಿ ನನ್ ಸೊಸೆ ಒಬ್ಳೇ ಅವ್ಳೆ. ತಾಯಿಲ್ದ ಕೂಸು, ಉಣ್ದೆ ಕಾಯ್ತಾ ಕುಂತಿರ್ತಾಳೆ. ನನ್ನ ಬಸ್ ಅತ್ತುಸ್ಬುಡು."

"ಅದು ನಾನೇ ಕಣತ್ತೆ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವರು ಬೆದರುತ್ತಾರೆಂದು ನುಂಗಿಕೊಂಡೆ. "ಬನ್ನಿ, ನಾನೂ ಆ ಕಡೀಕೇ ಓಯ್ತಿವ್ನಿ" ಎಂದೆ.

ಬಸ್ಸಿನಲ್ಲಿ, "ನಿಮ್ ಸೊಸೆ ಎಂಗೆ?" ಎಂದು ಕೇಳಿದೆ.

"ಜಡೆ ಉದ್ದ, ನಾಲ್ಗೆ ಅದ್ಕಿಂತ ಉದ್ದ" ಎಂದು ನಕ್ಕರು. "ಆದ್ರೂ ಅವ್ಳ್ ಎದ್ದು ಓಡಾಡುದ್ರೇನೆ ಅಟ್ಟಿ ಅಟ್ಟಿಯಂಗಿರದು."

ಕಿಟಕಿಯಾಚೆ ಕಬ್ಬಿನ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಮದ್ದೂರು ಇನ್ನಷ್ಟು ದೂರವಿರಬಾರದಿತ್ತೇ ಎಂದುಕೊಂಡೆ.

ಅಂದಿನಿಂದ ಗುರುತು ಹಿಡಿಯಲಿ ಎಂದು ಕಾಯುವುದನ್ನು ಬಿಟ್ಟೆ. ಸೂಜಿ ಹಾಕಿಸಿಕೊಂಡು ವಾಪಸಾಗುವಾಗಲೆಲ್ಲ ಅವರ ಸೊಸೆಯ ಸಮಾಚಾರ ಕೇಳುತ್ತಿದ್ದೆ. ಒಮ್ಮೆ ಹೊಗಳುವರು, ಒಮ್ಮೆ ಚೆನ್ನಾಗಿ ಬೈಯುವರು. ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ನಿದ್ದೆಯಲ್ಲೇ ಹೋಗಿಬಿಟ್ಟರು. ಅಷ್ಟು ಸಲಿಗೆಯಿಂದ ನನ್ನನ್ನು ಬೈಯುವವರು ಆಮೇಲೆ ಯಾರೂ ಸಿಗಲಿಲ್ಲ.