ಎಕೋಫೋ ಕೇಳಿಸಿಕೊಂಡ ಮಾತು

ನಮ್ಮ ಊರಿನ ಕಟ್ಟಿಗೆ ರೇವಿನಲ್ಲಿ ಎಕೋಫೋನನ್ನು ಅರಿಯದವರಿರಲಿಲ್ಲ. ಕಾಂಗೋ ನದಿಯಲ್ಲಿ ಕಟ್ಟಿಗೆ ಉರಿಸಿ ಹಿಂಬದಿ ಚಕ್ರ ತಿರುಗಿಸುವ ಹಡಗುಗಳು ಓಡುತ್ತಿದ್ದ ಕಾಲದಲ್ಲಿ ಅವನು ಅಂಥದೊಂದರ ಕೋಲುಗಾರ. ಮುಂಭಾಗದ ಅಂಚಿನಲ್ಲಿ ನಿಂತು, ಗೆರೆ ಬಳಿದ ಉದ್ದನೆಯ ಕೋಲನ್ನು ನೀರಿಗಿಳಿಸಿ ಆಳ ಕೂಗುತ್ತಿದ್ದ. ಉಪ್ಪು, ಬಟ್ಟೆ, ಟಪಾಲು ಬರಬೇಕಾದರೂ ನಮ್ಮ ತಾಳೆಬೀಜ ಹೋಗಬೇಕಾದರೂ ಆ ಹಡಗೇ ಗತಿ. ಚಕ್ರ ನೀರು ಬಡಿಯುವ ಸದ್ದು ಎರಡು ತಿರುವಿನಾಚೆ ಕೇಳಿದರೆ ಸಾಕು, ಹೆಂಗಸರು ಒಣಮೀನಿನ ಬುಟ್ಟಿ ಹೊತ್ತು ರೇವಿಗೆ ಓಡುತ್ತಿದ್ದರು.

ಅವನ ತಂಗಿ ಬೊಲುಂಬುವಿನ ಗಂಡ ಲೊಕುಲಿಯೂ ಅದೇ ಹಡಗಿನಲ್ಲಿದ್ದ. ಅಂತರಗಂಗೆ ಸುತ್ತಿಕೊಂಡು ಚಕ್ರ ನಿಂತರೆ ಹಲಗೆಗಳ ನಡುವೆ ನುಸುಳಿ ಕುಯ್ದು ಬಿಡಿಸುವುದು ಅವನ ಕೆಲಸ.

ಒಂದು ಮಧ್ಯಾಹ್ನ ನಮ್ಮ ರೇವಿನ ಹತ್ತಿರವೇ ಚಕ್ರ ನಿಂತಿತು. ಲೊಕುಲಿ ಒಳಗಿಳಿದ. ಅವನ ಮಾತನ್ನು ಕಪ್ತಾನನಿಗೆ ಮುಟ್ಟಿಸಲು ಎಕೋಫೋ ಹಿಂಬದಿಗೆ ಬಂದು ನಿಂತ.

"ಭಾವ, ನಿಮ್ಮ ಕೋಲಿಗಿಂತ ನನ್ನ ಕತ್ತಿಗೇ ಕೆಲ್ಸ ಜಾಸ್ತಿ ನೋಡಿ," ಎಂದು ಲೊಕುಲಿ ಒಳಗಿನಿಂದ ನಕ್ಕ.

"ಬಾಯ್ಮುಚ್ಕೊಂಡು ಕುಯ್ಯೋ."

ಸ್ವಲ್ಪ ಹೊತ್ತಿಗೆ "ಆಯ್ತು, ಬಿಡಿ" ಎಂದದ್ದು ಎಕೋಫೋಗೆ ಸ್ಪಷ್ಟವಾಗಿ ಕೇಳಿಸಿತು. ಚಕ್ರ ಬಿಡಬಹುದೆಂದು ಕಪ್ತಾನನಿಗೆ ಕೈ ಎತ್ತಿದ. ಚಕ್ರ ತಿರುಗಿತು. ಲೊಕುಲಿ ಇನ್ನೂ ಒಳಗಿದ್ದ.

ಪಕ್ಕದಲ್ಲೇ ನಿಂತಿದ್ದ ಇಬ್ಬರು ಖಲಾಸಿಗಳು ತಮಗೆ ಯಾವ ದನಿಯೂ ಕೇಳಲಿಲ್ಲವೆಂದರು.

ತಂಗಿಗೆ ಸುದ್ದಿ ತಿಳಿಸಲು ಎಕೋಫೋ ತಾನೇ ಹೋದ. ಏನನ್ನೂ ಮುಚ್ಚಿಡಲಿಲ್ಲ.

"ಅವರದೇ ದನಿಯಾ ಅಣ್ಣ?" ಎಂದು ಬೊಲುಂಬು ಕೇಳಿದಳು.

"ಅವನದೇ ಕಣವ್ವ."

ಅವಳು ಅವನನ್ನು ಬೈಯಲಿಲ್ಲ.

ಎಕೋಫೋ ಕೋಲು ಬಿಟ್ಟು ನಮ್ಮೊಂದಿಗೆ ಹಡಗುಗಳಿಗೆ ಕಟ್ಟಿಗೆ ಸೀಳತೊಡಗಿದ. ಆದರೆ ರೇವಿನಲ್ಲಿ ಯಾವ ಹಡಗಿನ ಚಕ್ರ ಸಿಕ್ಕಿಕೊಂಡರೂ ಕತ್ತಿ ಹಿಡಿದು ಇಳಿಯುವವನು ಅವನೇ. ಬೇರೆಯವರನ್ನು ಬಿಡುತ್ತಿರಲಿಲ್ಲ. ತಾನು ಮೇಲೆ ಬರುವ ತನಕ ಎಂಜಿನ್ನಿನವನು ಹೊರಗೆ, ತನ್ನ ಕಣ್ಣಿಗೆ ಕಾಣುವಂತೆ ನಿಂತಿರಬೇಕು ಎಂಬುದೊಂದೇ ಅವನ ಕರಾರು.

"ಯಾಕಣ್ಣ ನಿಂಗೇ ಈ ಉಸಾಬರಿ?" ಎಂದು ಒಮ್ಮೆ ಕೇಳಿದೆ.

"ಒಳಗ್ ಹೋದ್ರೆ ಅವ್ನು ಮಾತಾಡ್ತಾನೆ ಕಣೋ. ಅದೇ ಮಾತು, ಕಿವಿ ಪಕ್ಕದಲ್ಲೇ. ಆಯ್ತು, ಬಿಡಿ ಅಂತಾನೆ. ನಾನಿನ್ನೂ ಒಳಗೇ ಇರ್ತೀನಿ."

ಮುಂದೆ ಡೀಸೆಲ್ ದೋಣಿಗಳು ಬಂದವು. ಕಟ್ಟಿಗೆ ಕೇಳುವವರಿಲ್ಲವಾದರು. ಕೊನೆಯ ಚಕ್ರದ ಹಡಗನ್ನು ಎದುರಿನ ಮರಳುದಿಬ್ಬದ ಮೇಲೆ ಎಳೆದು ಬಿಟ್ಟುಹೋದರು. ಎಕೋಫೋ ದಿನವೂ ದೋಣಿಯಲ್ಲಿ ಅಲ್ಲಿಗೆ ಹೋಗಿ, ತುಕ್ಕು ಹಿಡಿದ ಚಕ್ರದೊಳಗೆ ಕೂತು ಬರುತ್ತಿದ್ದ. ಒಂದು ಬೆಳಗ್ಗೆ ಬೊಲುಂಬು ತಾನೂ ಬರುತ್ತೇನೆಂದು ದೋಣಿ ಹತ್ತಿದಳು. ಅಂದು ಚಕ್ರದೊಳಗೆ ಅವಳೊಬ್ಬಳೇ ಹೋದಳಂತೆ. ಅಣ್ಣ ಹೊರಗೆ ಕಾದನಂತೆ.

ಅವರು ಮರಳಿದಾಗ ನಾನು ರೇವಿನಲ್ಲಿದ್ದೆ. "ಏನಾದ್ರೂ ಕೇಳಿಸ್ತಾ ಅಕ್ಕ?" ಎಂದೆ.

"ಇಲ್ಲ," ಎಂದಳು.

ಮರುದಿನ ಅಣ್ಣನಿಗಿಂತ ಮೊದಲೇ ಬಂದು ಅವಳು ದೋಣಿಯಲ್ಲಿ ಕೂತಿದ್ದಳು.